ಸಂಘದಲ್ಲೇ ಸಣ್ಣ ಆರೋಗ್ಯ ವಿಮೆ ಶುರು ಮಾಡ್ತೀರಾ? ಮೊದಲು ಆಸ್ಪತ್ರೆ ಕೌಂಟರ್ ನೆನಪಿಸ್ಕೊಳ್ಳಿ

ಕಡಿಮೆ ಆದಾಯದವರಿಗೆ ಆರೋಗ್ಯ ವಿಮೆ ಮಾಡೋಣ ಅಂತ ಕೂತೋರು ಮೊದಲು ಲೆಕ್ಕ ಹಾಕೋದೇ ಪ್ರೀಮಿಯಂ ಎಷ್ಟು ಅಂತ. ನನ್ನ ಕೇಳಿದ್ರೆ ಅದು ಆಮೇಲೆ. ರಾತ್ರೋರಾತ್ರಿ ಹೊಟ್ಟೆನೋವು ಅಂತ ಹೆಂಡ್ತೀನ ಕರ್ಕೊಂಡು ಓಡಿದವನು ಕೌಂಟರ್ ಮುಂದೆ ದುಡ್ಡು ಎಣಿಸ್ಬೇಕಾ ಬೇಡ್ವಾ, ಅದನ್ನ ಮೊದಲು ತೀರ್ಮಾನ ಮಾಡಿ. "ಈಗ ಕಟ್ಟಿ, ಬಿಲ್ ತಂದ್ಕೊಡಿ, ಆಮೇಲೆ ವಾಪಸ್ ಕೊಡ್ತೀವಿ" ಅಂದ್ರೆ ಅವನು ಬಡ್ಡಿ ಸಾಲ ತಂದೇ ಕಟ್ಬೇಕು, ಕ್ಲೇಮ್ ದುಡ್ಡು ಬರೋಷ್ಟರಲ್ಲಿ ಬಡ್ಡಿ ಬೆಳೆದಿರತ್ತೆ, ವಿಮೆ ಇದ್ದೂ ಏನು ಬಂತು? ಅದಕ್ಕೇ ಹತ್ತಿರದ ಆಸ್ಪತ್ರೆಗಳ ಜೊತೆ ಮೊದಲೇ ಮಾತಾಡಿ ಯಾವ ಚಿಕಿತ್ಸೆಗೆ ಎಷ್ಟು ಅಂತ ಬರೆಸ್ಕೊಂಡು, ಕೌಂಟರಲ್ಲಿ ದುಡ್ಡು ಕಟ್ಟದೆ ಚಿಕಿತ್ಸೆ ಸಿಗೋ ಹಾಗೆ ಕ್ಯಾಶ್‌ಲೆಸ್ ಮಾಡಿಸ್ಕೊಳ್ಳಿ. ಭಾರತದಲ್ಲಿ 2008ರಲ್ಲಿ ಶುರುವಾದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ಹೀಗೇ ಇತ್ತು, ಕುಟುಂಬದ ಐದು ಜನಕ್ಕೆ ವರ್ಷಕ್ಕೆ 30,000 ರೂಪಾಯಿವರೆಗೆ, ಮನೆಯವರು ಕಟ್ತಿದ್ದಿದ್ದು ಬರೀ 30 ರೂಪಾಯಿ ನೋಂದಣಿ, ಪ್ರೀಮಿಯಂ ಸರ್ಕಾರದ್ದು, ಆಸ್ಪತ್ರೇಲಿ ಸ್ಮಾರ್ಟ್ ಕಾರ್ಡ್ ತೋರಿಸಿ ಬೆರಳಚ್ಚು ಕೊಡೋದು.

ಆಮೇಲೆ, ಸೇರಿಸೋದಾದ್ರೆ ಮನೆಮಂದಿನೆಲ್ಲಾ ಸೇರಿಸಿ. ಒಬ್ಬೊಬ್ಬರನ್ನೇ ತಗೊಂಡ್ರೆ ಶುಗರ್ ಇರೋ ಅಜ್ಜಿ ಹೆಸರು ಬರತ್ತೆ, ಗಟ್ಟಿಮುಟ್ಟಾಗಿರೋ ಮೊಮ್ಮಗನ ಹೆಸರು ಬರಲ್ಲ, ವರ್ಷ ತುಂಬೋ ಮುಂಚೆ ನಿಧಿ ಬರಿದಾಗತ್ತೆ. ಕಾಯಿಲೆ ಬಂದ್ಮೇಲೆ ಓಡಿ ಬಂದು ಸೇರೋರನ್ನ ತಡಿಯೋಕೆ ಸೇರಿದ್ಮೇಲೆ ಸ್ವಲ್ಪ ದಿನ ಕ್ಲೇಮ್ ಇಲ್ಲ ಅಂತ ಕಾಯೋ ಅವಧಿ ಇಡಿ, ಆದ್ರೆ ಅಪಘಾತಕ್ಕೆ ಬೇಡ, ಅದನ್ನ ಯಾರೂ ಮೊದಲೇ ಪ್ಲಾನ್ ಮಾಡಿ ಮಾಡ್ಕೊಳಲ್ವಲ್ಲ.

ದುಡ್ಡು ಕೇಳೋದು ಅವರ ಕೈಗೆ ದುಡ್ಡು ಬಂದಾಗ. ರೈತರಿಗೆ ಬೆಳೆ ಮಾರಿದ್ಮೇಲೆ, ಕೂಲಿಯವರಿಗೆ ವಾರದ ಬಟವಾಡೆ ದಿನ ಚೂರು ಚೂರು.

ಇನ್ನೊಂದು ದೊಡ್ಡ ವಿಷ್ಯ. ಇನ್ನೂರು ಜನರ ಸಂಘ ಪೂರ್ತಿ ಹೊಣೆ ತಾನೇ ಹೊತ್ಕೊಂಡ್ರೆ ಒಂದೇ ತಿಂಗಳಲ್ಲಿ ನಾಲ್ಕು ಆಪರೇಷನ್ ಬಂದ್ರೆ ಕಥೆ ಮುಗೀತು, ಮೇಲಾಗಿ ಲೈಸೆನ್ಸ್ ಇಲ್ದೆ ವಿಮೆ ನಡೆಸೋಕೆ ಎಷ್ಟೋ ದೇಶದಲ್ಲಿ ಕಾನೂನು ಬಿಡಲ್ಲ. ಅಡ್ಮಿಟ್ ಆಗೋ ಖರ್ಚಿಗೆ ಒಂದು ವಿಮಾ ಕಂಪ್ನಿಯಿಂದ ಸಂಘದವರಿಗೆಲ್ಲಾ ಸೇರಿ ಒಂದೇ ಗ್ರೂಪ್ ಪಾಲಿಸಿ ತಗೊಳ್ಳಿ. ಆದ್ರೆ ಜನಕ್ಕೆ ಪದೇ ಪದೇ ಬೀಳೋ ಖರ್ಚು ಜ್ವರ, ಮಾತ್ರೆ, ರಕ್ತ ಪರೀಕ್ಷೆ. ಅದಕ್ಕೇನೂ ಸಿಗಲಿಲ್ಲ ಅಂದ್ರೆ "ನಮಗೇನೂ ಉಪಯೋಗ ಆಗ್ಲಿಲ್ಲ" ಅಂತ ಮುಂದಿನ ವರ್ಷ ಕಟ್ಟಲ್ಲ. ಒಬ್ಬ ಡಾಕ್ಟರ್ ಹತ್ರ ಕನ್ಸಲ್ಟೇಶನ್ ಫೀ ಕಮ್ಮಿ ಮಾಡಿಸಿದ್ರೂ ಜನ ಉಳ್ಕೋತಾರೆ.

ನೋಂದಣಿ ದಿನ ಮಾತ್ರ ಅವಸರ ಮಾಡ್ಬೇಡಿ. ಗುರುತಿನ ಚೀಟೀಲಿ "ಲಕ್ಷ್ಮಮ್ಮ", ವಿಮೆ ಕಾರ್ಡಲ್ಲಿ "ಲಕ್ಷ್ಮಿ" ಅಂತಿದ್ರೆ ಅದೊಂದಕ್ಕೇ ಕ್ಲೇಮ್ ಸಿಕ್ಕಾಕೊಳತ್ತೆ. ಎರಡನ್ನೂ ಪಕ್ಕಪಕ್ಕ ಇಟ್ಟು ಗಟ್ಟಿಯಾಗಿ ಓದಿಸಿ, ಕಾರ್ಡ್ ಹಿಂದೆ ಆಸ್ಪತ್ರೆ ಹೆಸರು, ರಾತ್ರಿನೂ ಎತ್ತೋ ಒಂದು ಫೋನ್ ನಂಬರ್ ಬರೆದು ಲ್ಯಾಮಿನೇಶನ್ ಮಾಡಿಸಿ ಕೊಡಿ.