ಗುಂಯ್ ಸದ್ದು ನಿಲ್ಲಿಸಲು ಅರ್ಥಿಂಗ್ ತಂತಿ ಕತ್ತರಿಸಿದ್ದೆ

ನಾನೇ ಕಟ್ಟಿದ ಸ್ಟೀರಿಯೋ ಆಂಪ್ಲಿಫೈಯರ್‌ಗೆ ಲೋಹದ ಪೆಟ್ಟಿಗೆ ಹಾಕಿ, ಒಳಗೆ 24 ವೋಲ್ಟಿನ ಎಸ್‌ಎಂಪಿಎಸ್ (ವಿದ್ಯುತ್ತನ್ನು ಅತಿವೇಗವಾಗಿ ಆನ್-ಆಫ್ ಮಾಡುತ್ತಾ ವೋಲ್ಟೇಜ್ ಇಳಿಸುವ ಪವರ್ ಸಪ್ಲೈ) ಕೂರಿಸಿದ್ದೆ. ಕಂಪ್ಯೂಟರಿನಿಂದ ಬರುವ ಆಡಿಯೋ ಕೇಬಲ್ ಜೋಡಿಸಿದೊಡನೆ ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಶುರುವಾಯಿತು. ಎರಡೂ ಸಾಧನಗಳು ಒಂದು ಕಡೆ ಗೋಡೆಯ ಅರ್ಥಿಂಗ್ ಮೂಲಕ, ಇನ್ನೊಂದು ಕಡೆ ಆಡಿಯೋ ಕೇಬಲ್ಲಿನ ಶೀಲ್ಡ್ (ಹೊರಸುತ್ತಿನ ಲೋಹದ ಹೊದಿಕೆ) ಮೂಲಕ ಕೂಡಿಕೊಂಡು ಬಳೆಯಂತಹ ಸುತ್ತು ಏರ್ಪಟ್ಟಿತ್ತು. ಗ್ರೌಂಡ್ ಲೂಪ್ ಎನ್ನುವುದು ಇದನ್ನೇ. ಈ ಸುತ್ತಿನಲ್ಲಿ ಹರಿಯುವ ಸಣ್ಣ ವಿದ್ಯುತ್ತೇ ಗುಂಯ್ ಎಂದು ಕೇಳಿಸುತ್ತದೆ. ನಾನು ಕಂಡುಕೊಂಡ ಸುಲಭದ ಮದ್ದೆಂದರೆ ಪೆಟ್ಟಿಗೆಯೊಳಗಿನ ಹಸಿರು-ಹಳದಿ ಅರ್ಥಿಂಗ್ ತಂತಿಯನ್ನು ಕತ್ತರಿಸಿ ಟೇಪ್ ಸುತ್ತಿದ್ದು. ಸದ್ದು ನಿಂತಿತು, ನನಗೆ ಹೆಮ್ಮೆಯೂ ಆಯಿತು.

ಕೆಲವು ದಿನಗಳ ನಂತರ ಪೆಟ್ಟಿಗೆ ಎಷ್ಟು ಬಿಸಿಯಾಗಿದೆ ಎಂದು ನೋಡಲು ಕೈಯ ಹಿಂಬದಿಯಿಂದ ಸವರಿದಾಗ, ಲೋಹವೇ ಸಣ್ಣಗೆ ನಡುಗುತ್ತಿರುವಂತೆ ಜುಮ್ಮೆಂದಿತು. ಪೆಟ್ಟಿಗೆಗೂ ಸಾಕೆಟ್ಟಿನ ಅರ್ಥಿಂಗ್‌ಗೂ ನಡುವೆ ಮಲ್ಟಿಮೀಟರ್ ಹಿಡಿದರೆ 112 ವೋಲ್ಟ್ ಎಸಿ ತೋರಿಸಿತು. ಮೇನ್ಸ್ 230 ವೋಲ್ಟ್ ಇರುವಾಗ ಹೆಚ್ಚುಕಡಿಮೆ ಅದರ ಅರ್ಧ ಬಂದದ್ದು ಆಕಸ್ಮಿಕವಲ್ಲ. ಎಸ್‌ಎಂಪಿಎಸ್‌ನ ಫಿಲ್ಟರಿನಲ್ಲಿ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು, ಹೀಗೆ 4.7 ನ್ಯಾನೊಫ್ಯಾರಡ್‌ನ ಎರಡು ವೈ ಕೆಪಾಸಿಟರ್‌ಗಳು (ಮೇನ್ಸ್ ಮತ್ತು ಅರ್ಥಿಂಗ್ ನಡುವೆ ಹಾಕುವ ಸುರಕ್ಷಿತ ಬಗೆಯವು) ಪೆಟ್ಟಿಗೆಗೆ ಸೇರಿದ್ದವು. ಅರ್ಥಿಂಗ್ ಇದ್ದಾಗ ಅವು ಸ್ವಿಚಿಂಗ್‌ನ ಗದ್ದಲವನ್ನು ಭೂಮಿಗೆ ಇಳಿಸುತ್ತವೆ. ಅರ್ಥಿಂಗ್ ಕಿತ್ತರೆ ಅವೆರಡೂ ವೋಲ್ಟೇಜನ್ನು ಸಮನಾಗಿ ಹಂಚಿ, ಪೆಟ್ಟಿಗೆಯನ್ನು ನಡುವೆ ತೇಲಿಸುತ್ತವೆ.

ಬರೀ ಮೀಟರಿನ ಅಂಕಿ ನೋಡಿ ಗಾಬರಿಯಾಗುವ ಮೊದಲು, ನಿಜಕ್ಕೂ ಎಷ್ಟು ವಿದ್ಯುತ್ ಹರಿಯಬಲ್ಲದೆಂದು ತಿಳಿಯಲು ಇನ್ನೊಂದು ಪರೀಕ್ಷೆ ಮಾಡಿದೆ. ಪ್ಲಗ್ ತೆಗೆದು, ಮೀಟರಿನ ಎರಡು ತಂತಿಗಳ ನಡುವೆ 2.2 ಕಿಲೊಓಮ್ ರೆಸಿಸ್ಟರ್ ಕ್ಲಿಪ್ ಮಾಡಿ, ಆಮೇಲೆ ವಿದ್ಯುತ್ ಕೊಟ್ಟೆ. 112 ವೋಲ್ಟ್ ಇದ್ದದ್ದು ಮುಕ್ಕಾಲು ವೋಲ್ಟಿಗೆ ಕುಸಿಯಿತು, ಅಂದರೆ ಹರಿಯುತ್ತಿದ್ದ ವಿದ್ಯುತ್ ಸುಮಾರು 0.34 ಮಿಲಿಆಂಪಿಯರ್. 50 ಹರ್ಟ್ಜ್‌ನಲ್ಲಿ ಒಂದು 4.7 ನ್ಯಾನೊಫ್ಯಾರಡ್ ಕೆಪಾಸಿಟರ್ ಬಿಟ್ಟುಕೊಡುವುದೂ ಅಷ್ಟೇ. ಎಸ್‌ಎಂಪಿಎಸ್‌ನಲ್ಲಿ ದೋಷವಿರಲಿಲ್ಲ, ದೋಷ ನನ್ನ ಕತ್ತರಿಯದು. ಈ ಜುಮ್ಮು ಕೊಲ್ಲುವಂಥದ್ದಲ್ಲ, ಆದರೆ ಮುಂದೊಂದು ದಿನ ಫೇಸ್ ತಂತಿ ಸಡಿಲಗೊಂಡು ಪೆಟ್ಟಿಗೆಗೆ ತಾಗಿದರೆ, ಅರ್ಥಿಂಗ್ ಇಲ್ಲದ ಕಾರಣ ಫ್ಯೂಸ್ ಹೋಗುವುದಿಲ್ಲ. ಪೂರ್ತಿ 230 ವೋಲ್ಟ್ ಪೆಟ್ಟಿಗೆಯ ಮೇಲೆ ಮುಟ್ಟುವವರಿಗಾಗಿ ಕಾದಿರುತ್ತದೆ.

ಪ್ಲಗ್ ಕಿತ್ತು, ಎಸ್‌ಎಂಪಿಎಸ್‌ನೊಳಗೆ ಸುಮಾರು 325 ವೋಲ್ಟ್ ಹಿಡಿದಿಡುವ ದೊಡ್ಡ ಕೆಪಾಸಿಟರನ್ನು ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಖಾಲಿಯಾದದ್ದನ್ನು ಮೀಟರಿನಲ್ಲಿ ಖಚಿತಪಡಿಸಿಕೊಂಡು ತಿದ್ದುವ ಕೆಲಸ ಹಿಡಿದೆ. ಅರ್ಥಿಂಗ್‌ಗೆಂದೇ ಪ್ರತ್ಯೇಕ ಬೋಲ್ಟ್ ಕೊಟ್ಟು, ಅದರ ಸುತ್ತ ಬಣ್ಣವನ್ನು ಲೋಹ ಹೊಳೆಯುವವರೆಗೆ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿದೆ. ಯಾರಾದರೂ ಕೇಬಲ್ ಜಗ್ಗಿದರೆ ಕೊನೆಗೆ ಕಳಚುವುದು ಅರ್ಥಿಂಗ್ ಆಗಿರಲೆಂದು ಆ ತಂತಿಯನ್ನು ಉಳಿದೆರಡಕ್ಕಿಂತ ಉದ್ದವಾಗಿ ಬಿಟ್ಟೆ. ಮೀಟರಿನ ತಂತಿಗಳದೇ ಪ್ರತಿರೋಧವನ್ನು ಕಳೆದು ಅಳೆದಾಗ ಪ್ಲಗ್ಗಿನ ಪಿನ್ನಿನಿಂದ ತಳಕ್ಕೆ 0.1 ಓಮ್ ಬಂತು. ಮೇಲ್ಮುಚ್ಚಳಕ್ಕೆ ಮಾತ್ರ ಸಂಪರ್ಕವೇ ಇರಲಿಲ್ಲ. ನಾಲ್ಕು ಸ್ಕ್ರೂಗಳಿದ್ದರೂ ಪೌಡರ್ ಕೋಟಿಂಗ್ ಅದನ್ನು ಬೇರ್ಪಡಿಸಿತ್ತು! ಮುಚ್ಚಳಕ್ಕೆ ಬೇರೆಯೇ ತಂತಿ ಎಳೆದೆ.

ಇನ್ನು ಗುಂಯ್ ಸದ್ದು. ಆಡಿಯೋ ಸಾಕೆಟ್‌ಗಳನ್ನು ಪ್ಲಾಸ್ಟಿಕ್ ವಾಷರಿನಿಂದ ಪೆಟ್ಟಿಗೆಗೆ ತಾಗದಂತೆ ಮಾಡಿ, ಲೂಪಿನ ಪ್ರವಾಹ ತಗ್ಗಲೆಂದು ಸಿಗ್ನಲ್ ಗ್ರೌಂಡನ್ನು (ಆಡಿಯೋ ಸರ್ಕ್ಯೂಟಿನ ಸೊನ್ನೆ ವೋಲ್ಟಿನ ಕಡೆಯನ್ನು) 10 ಓಮ್ ರೆಸಿಸ್ಟರ್ ಮೂಲಕವೇ ಪೆಟ್ಟಿಗೆಗೆ ಸೇರಿಸಿದೆ. ದೋಷದ ವೇಳೆ ದೊಡ್ಡ ಪ್ರವಾಹ ಹರಿಯಲು ದಾರಿಯಿರಲೆಂದು ಅದಕ್ಕೆ ಸಮಾಂತರವಾಗಿ 35 ಆಂಪಿಯರ್ ಡಯೋಡ್ ಬ್ರಿಡ್ಜ್ ಇಟ್ಟೆ. ಡಯೋಡ್ ಒಂದು ಮಿತಿಗಿಂತ ಹೆಚ್ಚು ವೋಲ್ಟೇಜ್ ಬಂದರಷ್ಟೇ ವಿದ್ಯುತ್ತನ್ನು ಬಿಡುತ್ತದೆ, ಹಾಗಾಗಿ ಲೂಪಿನ ಮಿಲಿವೋಲ್ಟ್‌ಗಳು ಅದನ್ನು ದಾಟಲಾರವು. ಈಗ ಸ್ಪೀಕರಿಗೆ ಕಿವಿ ಹಚ್ಚಿದರೆ ಸಣ್ಣಗೆ ಗುಂಯ್ ಕೇಳಿಸುತ್ತದೆ, ಅದನ್ನು ಹಾಗೆಯೇ ಬಿಟ್ಟಿದ್ದೇನೆ.