ಚಂದ್ರನಿಗೆ ಎಷ್ಟು ಯೋಜನ? ಮೊದಲು ಯೋಜನ ಯಾರದು ಅಂತ ನೋಡಿ

ಖಗೋಳದ ದೂರಗಳನ್ನು ನಮ್ಮ ಹಳೆಯ ದೂರದ ಅಳತೆಯಾದ ಯೋಜನಕ್ಕೆ ಇಳಿಸಲು ನಾನು ಮೊದಲು ಹಿಡಿದದ್ದು ಎಲ್ಲರೂ ಹಿಡಿಯುವ ದಾರಿಯನ್ನೇ, ಭಾಸ್ಕರಾಚಾರ್ಯರ ಗಣಿತಗ್ರಂಥ ಲೀಲಾವತಿಯ ಅಳತೆಗಳನ್ನು. 24 ಅಂಗುಲಕ್ಕೆ ಒಂದು ಹಸ್ತ, 4 ಹಸ್ತಕ್ಕೆ ಒಂದು ದಂಡ, 2000 ದಂಡಕ್ಕೆ ಒಂದು ಕ್ರೋಶ, 4 ಕ್ರೋಶಕ್ಕೆ ಒಂದು ಯೋಜನ. ಅಂಗುಲವನ್ನು ಮುಕ್ಕಾಲು ಇಂಚು ಎಂದುಕೊಂಡರೆ ಯೋಜನ 14.63 ಕಿ.ಮೀ. ಆಗುತ್ತದೆ. ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಅದೇ ಭಾಸ್ಕರಾಚಾರ್ಯರು ಭೂಮಿಯ ಸುತ್ತಳತೆಯನ್ನು 4967 ಯೋಜನ ಎಂದು ಕೊಟ್ಟಿದ್ದಾರೆ. ಎರಡನ್ನೂ ಗುಣಿಸಿದರೆ 72,000 ಕಿ.ಮೀ. ದಾಟುತ್ತದೆ, ನಿಜವಾದದ್ದು ಸುಮಾರು 40,000. ಅಂಗುಲದಿಂದ ಮೇಲಕ್ಕೆ ಕಟ್ಟುತ್ತ ಹೋದ ಯೋಜನ ಆಕಾಶದ ಲೆಕ್ಕಕ್ಕೆ ಒಗ್ಗುವುದಿಲ್ಲ.

ಹಾಗಾಗಿ ನಾನು ಅಳತೆಗೋಲನ್ನೇ ಬದಲಿಸಿದೆ. ನಮ್ಮ ಹಳೆಯ ಖಗೋಳದ ಪ್ರತಿ ಗ್ರಂಥವೂ ಭೂಮಿಯ ವ್ಯಾಸವನ್ನು ತನ್ನ ಯೋಜನದಲ್ಲೇ ಹೇಳಿರುತ್ತದೆ. ಅಕ್ಷರಗಳಲ್ಲೇ ಸಂಖ್ಯೆ ಬರೆಯುವ ಆರ್ಯಭಟೀಯದಲ್ಲಿ ಅದು 'ಞಿಲಾ': ಞ ಎಂದರೆ 10, ಇಕಾರ ಸೇರಿದರೆ ನೂರು ಪಟ್ಟು, ಲ ಎಂದರೆ 50, ಒಟ್ಟು 1050. ಸೂರ್ಯಸಿದ್ಧಾಂತದಲ್ಲಿ 1600. ಭಾಸ್ಕರರಲ್ಲಿ 1581ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಭೂಮಿಯ ಸರಾಸರಿ ವ್ಯಾಸ 12,742 ಕಿ.ಮೀ. ಅನ್ನು ಇವುಗಳಿಂದ ಭಾಗಿಸಿದರೆ ಆರ್ಯಭಟರ ಯೋಜನ 12.14 ಕಿ.ಮೀ., ಸೂರ್ಯಸಿದ್ಧಾಂತದ್ದು 7.96, ಭಾಸ್ಕರರದು 8.06. ಒಂದೇ ಹೆಸರು, ಅಳತೆ ಮಾತ್ರ ಬೇರೆ ಬೇರೆ.

ಇಷ್ಟಾದ ಮೇಲೆ ಕಿಲೋಮೀಟರನ್ನು ನೇರವಾಗಿ ಯೋಜನ ಮಾಡುವುದಿಲ್ಲ, ನಡುವೆ ಭೂತ್ರಿಜ್ಯವನ್ನು ಇಟ್ಟುಕೊಳ್ಳುತ್ತೇನೆ. ಚಂದ್ರನ ಸರಾಸರಿ ದೂರ 3,84,400 ಕಿ.ಮೀ.; 6371ರಿಂದ ಭಾಗಿಸಿದರೆ 60.34 ಭೂತ್ರಿಜ್ಯ. ಅದನ್ನು ಆಯಾ ಗ್ರಂಥದ ವ್ಯಾಸದ ಅರ್ಧದಿಂದ ಗುಣಿಸಬೇಕು: 525ರಿಂದ ಗುಣಿಸಿದರೆ ಆರ್ಯಭಟರ ಯೋಜನದಲ್ಲಿ 31,700, 800ರಿಂದ ಗುಣಿಸಿದರೆ ಸೂರ್ಯಸಿದ್ಧಾಂತದ ಯೋಜನದಲ್ಲಿ 48,300. ಲೆಕ್ಕದ ಪಟ್ಟಿಯಲ್ಲಿ ಭೂತ್ರಿಜ್ಯದ ಈ ನಡುವಿನ ಅಂಕಣ ಇದ್ದರೆ ಎಲ್ಲಿ ತಪ್ಪಿದೆ ಅನ್ನುವುದು ತಕ್ಷಣ ಕಣ್ಣಿಗೆ ಬೀಳುತ್ತದೆ.

ತಪ್ಪು ಹೆಚ್ಚಾಗಿ ಆಗುವುದು ಕಕ್ಷೆಯಲ್ಲಿ. ಗ್ರಂಥಗಳು ಕೊಡುವುದು ದೂರವನ್ನಲ್ಲ, ಕಕ್ಷೆಯ ಸುತ್ತಳತೆಯನ್ನು. ಸೂರ್ಯಸಿದ್ಧಾಂತದ ಚಂದ್ರಕಕ್ಷೆ 3,24,000 ಯೋಜನ. ಇದನ್ನೇ ದೂರ ಎಂದು ಬರೆದುಕೊಂಡರೆ ಚಂದ್ರ ಆರು ಪಟ್ಟು ಆಚೆ ಹೋಗಿ ಕೂರುತ್ತಾನೆ. 6.2832ರಿಂದ (ಪೈನ ಎರಡರಷ್ಟರಿಂದ) ಭಾಗಿಸಿ, 51,566 ಬರಬೇಕು, ಅಂದರೆ 64.5 ಭೂತ್ರಿಜ್ಯ, ನಿಜಕ್ಕಿಂತ ಸುಮಾರು ಶೇ. 7 ಹೆಚ್ಚು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಸೂರ್ಯಸಿದ್ಧಾಂತ ಭೂಮಿಯ ಸುತ್ತಳತೆಗೆ 10ರ ವರ್ಗಮೂಲವನ್ನು, ಅಂದರೆ 3.1623ನ್ನು ಬಳಸುತ್ತದೆ ಎನ್ನುವುದನ್ನೂ ಮರೆಯಬಾರದು. ಅದಕ್ಕೇ ಯೋಜನವನ್ನು ಸುತ್ತಳತೆಯಿಂದ ತೆಗೆಯದೆ ವ್ಯಾಸದಿಂದಲೇ ತೆಗೆಯುತ್ತೇನೆ. ಇಲ್ಲದಿದ್ದರೆ ಮೊದಲ ಹೆಜ್ಜೆಯಲ್ಲೇ ಅರ್ಧ ಶೇಕಡಕ್ಕೂ ಹೆಚ್ಚು ಸೋರಿಹೋಗುತ್ತದೆ.

ತಾಳೆ ನೋಡಲು ಚಂದ್ರಬಿಂಬ ಸಾಕು. ಸೂರ್ಯಸಿದ್ಧಾಂತದ ಚಂದ್ರಕಕ್ಷೆಯಲ್ಲಿ ಒಂದು ಕಲೆಗೆ (ಡಿಗ್ರಿಯ ಅರವತ್ತನೇ ಒಂದು ಭಾಗಕ್ಕೆ) 15 ಯೋಜನ, ಚಂದ್ರನ ವ್ಯಾಸ 480. ಭಾಗಿಸಿದರೆ 32 ಕಲೆ. ಆರ್ಯಭಟರಲ್ಲಿ ಕಲೆಗೆ 10 ಯೋಜನ, ವ್ಯಾಸ 315; ಮೂವತ್ತೊಂದೂವರೆ ಕಲೆ. ಆಕಾಶದಲ್ಲಿ ಕಾಣುವುದು ಸರಾಸರಿ 31 ಕಲೆ. 480ನ್ನು 10ರಿಂದ ಭಾಗಿಸಿ 48 ಕಲೆ ಬಂತೆಂದರೆ ಎರಡು ಗ್ರಂಥಗಳು ಕಲಬೆರಕೆಯಾಗಿವೆ ಎಂದೇ ಅರ್ಥ.

ಸೂರ್ಯನ ವಿಷಯಕ್ಕೆ ಬಂದಾಗ ಗ್ರಂಥದ ದೂರವನ್ನು ಪಕ್ಕಕ್ಕಿಡಿ. ಸೂರ್ಯ, ಚಂದ್ರ ಸೇರಿ ಎಲ್ಲ ಗ್ರಹಗಳೂ ದಿನಕ್ಕೆ ಒಂದೇ ಸಮನಾದಷ್ಟು ಯೋಜನ ಚಲಿಸುತ್ತವೆ ಎಂದು ಹಳಬರು ಹಿಡಿದಿದ್ದರು. ಹಾಗಾಗಿ ಕಕ್ಷೆ ಪರಿಭ್ರಮಣ ಕಾಲಕ್ಕೆ ತಕ್ಕಂತೆ ಬೆಳೆಯುತ್ತದೆ. ಸೂರ್ಯಸಿದ್ಧಾಂತದಲ್ಲಿ ರವಿಕಕ್ಷೆ 43,31,500 ಯೋಜನ, ದೂರ ಸುಮಾರು 6.89 ಲಕ್ಷ. ನಿಜವಾದ 14.96 ಕೋಟಿ ಕಿ.ಮೀ. ಅನ್ನು ಅದೇ ಯೋಜನಕ್ಕೆ ಇಳಿಸಿದರೆ 1.88 ಕೋಟಿ. ಇಪ್ಪತ್ತೇಳು ಪಟ್ಟು ವ್ಯತ್ಯಾಸ. ಈ 6.89 ಲಕ್ಷವನ್ನು 14.96 ಕೋಟಿಗೆ ಸರಿಹೊಂದಿಸಿ 'ಯೋಜನ ಎಂದರೆ 217 ಕಿ.ಮೀ.' ಎನ್ನಲು ಹೊರಟರೆ ಚಂದ್ರ, ಭೂಮಿ ಎರಡೂ ಕೆಟ್ಟುಹೋಗುತ್ತವೆ.

ಜ್ಯೋತಿರ್ವರ್ಷವನ್ನೂ ಹೀಗೇ ಮಾಡಬಹುದು: ಆರ್ಯಭಟರ ಯೋಜನದಲ್ಲಿ ಸುಮಾರು 78,000 ಕೋಟಿ. ಅವರ ಆಕಾಶಕಕ್ಷೆ, ಅಂದರೆ ಇಡೀ ಆಕಾಶದ ಸುತ್ತಳತೆ, 12,47,472 ಕೋಟಿ ಯೋಜನ ಚಿಲ್ಲರೆ; ಅದು 16 ಜ್ಯೋತಿರ್ವರ್ಷ, ತ್ರಿಜ್ಯ ಎರಡೂವರೆ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ 4.25 ಜ್ಯೋತಿರ್ವರ್ಷ ದೂರದಲ್ಲಿದೆ, ಆ ಆಕಾಶದ ಆಚೆಗೆ.

ಉತ್ತರವನ್ನು ಮೂರು ಅಂಕಿಗೆ ಸವರಿಬಿಡಿ. 1050, 1600ರಂಥ ದುಂಡು ಸಂಖ್ಯೆಯಿಂದ ಹೊರಟು '1,87,84,853 ಯೋಜನ' ಎಂದು ಬರೆಯುವುದು ಕ್ಯಾಲ್ಕುಲೇಟರ್ ತೋರಿಸಿದ್ದಷ್ಟೇ. ಅಂಕಣದ ತಲೆಯಲ್ಲಿ ಬರೀ 'ಯೋಜನ' ಎಂದೂ ಬರೆಯಬೇಡಿ; 'ಯೋಜನ (ಆರ್ಯಭಟ)', 'ಯೋಜನ (ಸೂರ್ಯಸಿದ್ಧಾಂತ)' ಎಂದೇ ಇರಲಿ.