ಸಂಸತ್ತು ಕಗ್ಗಂಟಾದಾಗ ಅದನ್ನು ಓದುವ ಬಗೆ: ನನ್ನ ಬ್ರೆಕ್ಸಿಟ್ ನೋಟ್‌ಬುಕ್ಕಿನಿಂದ

ಮೈಸೂರಿನಲ್ಲಿ ರಾಜ್ಯಶಾಸ್ತ್ರ ಎಂ.ಎ. ಓದುತ್ತಿರುವ ಅಣ್ಣನ ಮಗಳು ಫೋನ್ ಮಾಡಿದ್ದಳು. "ಅತ್ತೆ, ಬ್ರೆಕ್ಸಿಟ್ ಬಿಕ್ಕಟ್ಟಿನ ಮೇಲೆ ಸೆಮಿನಾರ್ ಕೊಡಬೇಕು. ಎಷ್ಟು ಓದಿದ್ರೂ ಯಾರು ಯಾಕೆ ಬೇಡ ಅಂದ್ರು ಅಂತ ತಲೆಗೇ ಹತ್ತುತ್ತಿಲ್ಲ" ಅಂದಳು. ಬ್ರೆಕ್ಸಿಟ್ ಅಂದರೆ ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟು ಹೊರಬಂದದ್ದು. ಹೇಗೆ ಬಿಡಬೇಕು ಎಂದು ಅಲ್ಲಿನ ಸಂಸತ್ತು ಒಮ್ಮತಕ್ಕೆ ಬಾರದೆ ಸಿಕ್ಕಿಕೊಂಡಿದ್ದ 2019ರಲ್ಲಿ ನನಗೂ ಹಾಗೇ ಆಗಿತ್ತು. ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೆ. ರಾತ್ರಿ ಪಾಳಿ ಮುಗಿಸಿ ಬಂದು, ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದುಕೊಂಡು, ಒಂದೊಂದು ಮತದಾನವನ್ನೂ ಬರೆದು ಬರೆದು ಅರ್ಥ ಮಾಡಿಕೊಂಡೆ. ಅವಳಿಗೆ ಹೇಳಿಕೊಟ್ಟಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅಷ್ಟು ಹಟ ಯಾಕೆ ಬಂತು ಅಂದರೆ, 2016ರ ಜೂನ್ 23ರ ಜನಮತಗಣನೆಯಲ್ಲಿ ನಾನು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಮತ ಹಾಕಿದ್ದೆ. ಅಲ್ಲಿ ವಾಸವಿದ್ದ ಕಾಮನ್‌ವೆಲ್ತ್ ದೇಶದವರಿಗೆ ಆ ಹಕ್ಕಿತ್ತು. ಅದೇ ವಾರ್ಡಿನಲ್ಲಿ ಹನ್ನೊಂದು ವರ್ಷ ದುಡಿದಿದ್ದ ನನ್ನ ಪೋರ್ಚುಗಲ್ ಗೆಳತಿಗೆ ಇರಲಿಲ್ಲ. ದಾರಕ್ಕೆ ಕಟ್ಟಿದ್ದ ಮೊಂಡು ಪೆನ್ಸಿಲಿನಲ್ಲಿ ಗುರುತು ಹಾಕಿ ಬಂದವಳು ನಾನು, ನೆಲ ಅಲುಗಿದ್ದು ಅವಳ ಕಾಲಕೆಳಗೆ. ಹೊರಹೋಗಬೇಕು ಎಂದವರು ಶೇ 51.9, ಇರಬೇಕು ಎಂದವರು ಶೇ 48.1.

ಈಗ ನೋಟ್‌ಬುಕ್ ತೆಗೆಯಿರಿ. ಮೊದಲ ಪುಟದಲ್ಲಿ ಗಡುವು ಬರೆಯಿರಿ, ಅದರ ಪಕ್ಕದಲ್ಲೇ "ಯಾರೂ ಏನೂ ಮಾಡದಿದ್ದರೆ ಏನಾಗುತ್ತದೆ?" ಎಂದು ಬರೆದು ಉತ್ತರ ಹುಡುಕಿ. ಎಲ್ಲರೂ ಬಿಡುವುದು ಇದನ್ನೇ. ಬ್ರಿಟನ್ 2017ರ ಮಾರ್ಚ್ 29ರಂದು ಐರೋಪ್ಯ ಒಕ್ಕೂಟಕ್ಕೆ ನೋಟಿಸ್ ಕೊಟ್ಟಿತು. ಅಲ್ಲಿಂದ ಎರಡು ವರ್ಷ. ಸಂಸತ್ತು ಏನನ್ನೂ ಒಪ್ಪದೆ ಕೂತರೆ, ಒಪ್ಪಂದವೇ ಇಲ್ಲದೆ ದೇಶ ಹೊರಬೀಳುತ್ತಿತ್ತು. ಹಾಗಾಗಿ ಸುಮ್ಮನಿರುವುದೂ ಒಂದು ತೀರ್ಮಾನವೇ ಆಗಿತ್ತು.

ಅದರ ಕೆಳಗೆ ನಿಜವಾದ ಬಹುಮತ ಲೆಕ್ಕ ಹಾಕಿ. ಸದನದಲ್ಲಿ 650 ಸ್ಥಾನ. ಸಿನ್ ಫೇನ್ ಪಕ್ಷದ 7 ಮಂದಿ ಸದನಕ್ಕೆ ಬರುವುದೇ ಇಲ್ಲ; ಸ್ಪೀಕರ್ ಮತ್ತು ಮೂವರು ಉಪಸ್ಪೀಕರ್‌ಗಳು ಮತ ಹಾಕುವುದಿಲ್ಲ. ಉಳಿದ 639ರಲ್ಲಿ 320 ಬೇಕು. ಆಗಿನ ಪ್ರಧಾನಿ ತೆರೇಸಾ ಮೇ ಅವರ ಕನ್ಸರ್ವೇಟಿವ್ ಪಕ್ಷ 2017ರಲ್ಲಿ ಗೆದ್ದದ್ದು 317. ಉತ್ತರ ಐರ್ಲೆಂಡಿನ ಡಿಯುಪಿ ಪಕ್ಷದ 10 ಜನರ ಹೆಗಲ ಮೇಲೆ ಸರ್ಕಾರ ನಿಂತಿತ್ತು.

ಇನ್ನು ಪ್ರತಿ ಮತದಾನಕ್ಕೂ ನಾಲ್ಕು ಕಲಂ: ಕೇಳಿದ ಪ್ರಶ್ನೆ, ಹೌದು, ಇಲ್ಲ, ಇಲ್ಲ ಎಂದವರ ಕಾರಣ. ನಾಲ್ಕನೆಯದಕ್ಕೆ ಅರ್ಧ ಪುಟವಾದರೂ ಬಿಡಿ. 2019ರ ಜನವರಿ 15ರಂದು, ಹೊರಬರುವ ಷರತ್ತುಗಳ ಬಗ್ಗೆ ಮೇ ಒಕ್ಕೂಟದ ಜೊತೆ ಮಾಡಿಕೊಂಡಿದ್ದ ಒಪ್ಪಂದ 202–432ರಲ್ಲಿ ಬಿತ್ತು. "230 ಮತಗಳ ಸೋಲು" ಎಂದು ಬರೆದು ಮುಂದೆ ಹೋದರೆ ಏನೂ ತಿಳಿಯುವುದಿಲ್ಲ. ಆ 432ನ್ನು ಬಿಡಿಸಿ. ಆಗ ತಕರಾರಿನ ಬೇರು ಐರ್ಲೆಂಡಿನ ಗಡಿಯಲ್ಲಿ ಸಿಗುತ್ತದೆ: ಒಂದು ಕಡೆ ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡ್, ಇನ್ನೊಂದು ಕಡೆ ಒಕ್ಕೂಟದಲ್ಲೇ ಉಳಿಯುವ ಐರ್ಲೆಂಡ್ ದೇಶ. ಸುಮಾರು 500 ಕಿ.ಮೀ. ಉದ್ದದ ಆ ಗಡಿಯಲ್ಲಿ 1998ರ ಶಾಂತಿ ಒಪ್ಪಂದದ ನಂತರ ತಪಾಸಣೆ ಇರಲಿಲ್ಲ. ಮತ್ತೆ ಚೆಕ್‌ಪೋಸ್ಟ್ ಬರಬಾರದೆಂದು, ಬೇರೆ ದಾರಿ ಸಿಗುವವರೆಗೆ ಇಡೀ ಬ್ರಿಟನ್ ಒಕ್ಕೂಟದ ಸುಂಕ ವ್ಯವಸ್ಥೆಯೊಳಗೇ ಇರಲಿ ಎಂದು ಮೇ ಅವರ ಒಪ್ಪಂದ ಹೇಳಿತ್ತು. ಅದು "ಬ್ಯಾಕ್‌ಸ್ಟಾಪ್". ಇದರಿಂದ ಕೈಕಾಲು ಕಟ್ಟಿಹಾಕಿದ ಹಾಗಾಗುತ್ತದೆ ಎಂದು ಮೇ ಅವರ ಪಕ್ಷದವರೇ 118 ಮಂದಿ ಬೇಡವೆಂದರು (ಕೆಲವರಿಗಂತೂ ಒಕ್ಕೂಟ ಬಿಡುವುದೇ ಬೇಕಿರಲಿಲ್ಲ). ಅದರಲ್ಲಿ ಉತ್ತರ ಐರ್ಲೆಂಡಿಗೆ ಮಾತ್ರ ಇಟ್ಟಿದ್ದ ಬೇರೆ ನಿಯಮ ಸಲ್ಲದು ಎಂದು ಡಿಯುಪಿ ಬೇಡವೆಂದಿತು. ವಿರೋಧ ಪಕ್ಷವಾದ ಲೇಬರ್‌ಗೆ ಐರೋಪ್ಯ ಒಕ್ಕೂಟದ ಜೊತೆ ಶಾಶ್ವತ ಸುಂಕ ಒಕ್ಕೂಟ ಬೇಕಿತ್ತು, ಚುನಾವಣೆಯೂ ಬೇಕಿತ್ತು. ಸ್ಕಾಟ್ಲೆಂಡಿನ ಎಸ್‌ಎನ್‌ಪಿಗೆ ಒಕ್ಕೂಟದಲ್ಲೇ ಉಳಿಯಬೇಕಿತ್ತು. ಎಲ್ಲರೂ ಹೊಕ್ಕಿದ್ದು ಒಂದೇ ಲಾಬಿ (ಮತ ಹಾಕಲು ಸದಸ್ಯರು ಹಾದುಹೋಗುವ ಹಜಾರ), ಹೋಗಬೇಕಾಗಿದ್ದ ಊರು ಬೇರೆ ಬೇರೆ.

ಮಾರನೆಯ ದಿನದ ಅವಿಶ್ವಾಸ ನಿರ್ಣಯಕ್ಕೆ ಬೇರೆ ಪುಟ ಇಡಿ. ಒಪ್ಪಂದ ಕೆಡವಿದ ಅದೇ ಬಂಡಾಯಗಾರರು, ಅದೇ ಡಿಯುಪಿ, ಅಂದು ಸರ್ಕಾರವನ್ನು 325–306ರಲ್ಲಿ ಉಳಿಸಿದರು. ನೀತಿ ಸೋತರೂ ಕುರ್ಚಿ ಉಳಿಯಿತು. ಕಗ್ಗಂಟು ಬಿಗಿದದ್ದೇ ಇಲ್ಲಿ.

ನಮ್ಮವರಿಗೆ ಇದು ವಿಚಿತ್ರ ಅನ್ನಿಸುವುದು ಪಕ್ಷಾಂತರ ನಿಷೇಧ ಕಾಯ್ದೆ ತಲೆಯಲ್ಲಿರುವುದರಿಂದ. 2019ರ ಜುಲೈನಲ್ಲಿ ಕರ್ನಾಟಕದ ಸ್ಪೀಕರ್ 17 ಶಾಸಕರನ್ನು ಅನರ್ಹಗೊಳಿಸಿದ್ದು ನೆನಪಿರಬೇಕು. ಅದೇ ಸೆಪ್ಟೆಂಬರ್‌ನಲ್ಲಿ ಮೇ ನಂತರ ಪ್ರಧಾನಿಯಾದ ಬೋರಿಸ್ ಜಾನ್ಸನ್ ವಿರುದ್ಧ ಮತ ಹಾಕಿದ 21 ಮಂದಿಯನ್ನು ಪಕ್ಷ ಹೊರಗಿಟ್ಟಿತು, ಆದರೆ ಅವರ ಸದಸ್ಯತ್ವಕ್ಕೆ ಏನೂ ಆಗಲಿಲ್ಲ. ವಿಪ್ ಮುರಿದರೂ ಸೀಟು ಇರುತ್ತದೆ ಎಂಬುದನ್ನು ಮರೆತು ಅಲ್ಲಿನ ಲೆಕ್ಕ ಮಾಡಬೇಡಿ.

ಸೋಲಿನ ಅಂತರವೊಂದನ್ನೇ ನೋಡಬೇಡಿ, "ಹೌದು" ಕಲಮನ್ನೂ ನೋಡಿ. ಮಾರ್ಚ್ 27ರಂದು ಸದನದ ಮುಂದೆ ಎಂಟು ಆಯ್ಕೆ ಇಟ್ಟರು, ಎಂಟೂ ಬಿದ್ದವು. ಏಪ್ರಿಲ್ 1ರ ಎರಡನೇ ಸುತ್ತಿನಲ್ಲಿ ಸುಂಕ ಒಕ್ಕೂಟ 273–276ರಲ್ಲಿ, ಬರೀ ಮೂರು ಮತದಿಂದ ಸೋತಿತು. ಜನರನ್ನು ಮತ್ತೊಮ್ಮೆ ಕೇಳೋಣ ಎಂಬುದು 280–292ರಲ್ಲಿ ಸೋತಿತು. ಅಂತರ ಹೆಚ್ಚಿದ್ದರೂ ಬೆಂಬಲ ಹೆಚ್ಚಿದ್ದು ಎರಡನೆಯದಕ್ಕೆ. ಮತ ಹಾಕದೆ ಕೂತವರನ್ನು ಹುಡುಕಲು ನಾನು ಶುರುಮಾಡಿದ್ದು ಆ ರಾತ್ರಿ. ಸಂಸತ್ತಿನ ವೆಬ್‌ಸೈಟಿನಲ್ಲಿ ಯಾರ ಮತ ಎತ್ತ ಎಂದು ಹೆಸರು ಸಮೇತ ಸಿಗುತ್ತದೆ.

ಇದಕ್ಕೆ ಮೂರು ದಿನ ಮುಂಚೆ, ಮಾರ್ಚ್ 29ರ ಶುಕ್ರವಾರ, ಮೊದಲ ಗಡುವಿನಂತೆ ಹೊರಬೀಳಬೇಕಿದ್ದ ದಿನವೇ ಒಪ್ಪಂದ ಮೂರನೇ ಬಾರಿ ಸೋತಿತ್ತು: 286–344. ಭಾನುವಾರ ಗೆಳತಿ ಮನೆಗೆ ಬಂದಳು. ಒಕ್ಕೂಟದ ಪ್ರಜೆಗಳು ನೆಲೆ ಉಳಿಸಿಕೊಳ್ಳಲು ಅರ್ಜಿ ಹಾಕಬೇಕಿತ್ತು. 65 ಪೌಂಡ್ ಶುಲ್ಕ ಆಗಷ್ಟೇ ರದ್ದಾಗಿತ್ತು. ಆ್ಯಪ್ ಆಂಡ್ರಾಯ್ಡ್ ಫೋನಿನಲ್ಲಿ ಮಾತ್ರ ಓಡುತ್ತಿತ್ತು, ಅವಳದು ಐಫೋನ್. ನನ್ನ ಫೋನಿನ ಕವರ್ ತೆಗೆದು ಅವಳ ಪಾಸ್‌ಪೋರ್ಟಿನ ಮೇಲಿಟ್ಟೆವು. ಚಿಪ್ ಓದಲಿಲ್ಲ. ಒಂದು ಬೆರಳು ಆಚೆ ಸರಿಸಿದೆವು, ಈಚೆ ಸರಿಸಿದೆವು. ಐದಾರು ಸಲ ಆದಮೇಲೆ ಫೋನ್ ಗುರ್ ಎಂದಿತು. ಅವಳು ಉಸಿರು ಬಿಟ್ಟಿದ್ದು ಆಗಲೇ. ನೋಟ್‌ಬುಕ್ಕಿನಲ್ಲಿ 344 ಎಂಬ ಅಂಕಿಯ ಪಕ್ಕ ಅವತ್ತಿನ ಟೀ ಕಲೆ ಈಗಲೂ ಇದೆ. ನಿಮ್ಮ ಸೆಮಿನಾರಿನಲ್ಲೂ ಒಂದು ಪುಟವನ್ನು ಇಂಥವರಿಗೆ ಇಡಿ. ಮತದಾನದ ಪಟ್ಟಿಯಲ್ಲಿ ಇವರ ಹೆಸರು ಎಲ್ಲೂ ಬರುವುದಿಲ್ಲ.

ಕಾರ್ಯವಿಧಾನದ ಪ್ರಶ್ನೆಯನ್ನು ಕೆಂಪು ಇಂಕಿನಲ್ಲಿ ಬರೆಯಿರಿ. ಅದೇ ಪ್ರಶ್ನೆಯನ್ನು ಒಂದೇ ಅಧಿವೇಶನದಲ್ಲಿ ಮತ್ತೆ ಮತ್ತೆ ತರುವಂತಿಲ್ಲ ಎಂದು ಸ್ಪೀಕರ್ ಜಾನ್ ಬರ್ಕೋ ಮಾರ್ಚ್ 18ರಂದು 1604ರ ಸಂಪ್ರದಾಯವನ್ನು ಮುಂದಿಟ್ಟರು. ಅಕ್ಟೋಬರ್ 22ರಂದು, ಜಾನ್ಸನ್ ತಮ್ಮ ಹೊಸ ಒಪ್ಪಂದಕ್ಕಾಗಿ ತಂದ ಮಸೂದೆಯ ಎರಡನೇ ವಾಚನಕ್ಕೆ (ಅಂದರೆ ಮಸೂದೆಯ ಮೂಲ ಆಶಯಕ್ಕೆ) ಸದನ 329–299ರಲ್ಲಿ ಹೌದೆಂದಿತು. ಅದರ ಬೆನ್ನಿಗೇ, ಮೂರು ದಿನದಲ್ಲಿ ಚರ್ಚೆ ಮುಗಿಸುವ ವೇಳಾಪಟ್ಟಿಗೆ 308–322ರಲ್ಲಿ ಇಲ್ಲವೆಂದಿತು. ಎರಡನ್ನೂ ಒಂದೇ ಸಾಲಿಗೆ ಸೇರಿಸಿದರೆ ಗೊಂದಲ ಗ್ಯಾರಂಟಿ.

ಕೊನೆಗೆ, ಗಂಟು ಬಿಚ್ಚಿದ್ದು ಎಲ್ಲಿ ಎಂದು ಗುರುತಿಸಿ. ಜಾನ್ಸನ್ ತಂದ ಹೊಸ ಒಪ್ಪಂದ ಗಡಿ ತಪಾಸಣೆಯನ್ನು ಐರಿಷ್ ಸಮುದ್ರಕ್ಕೆ ಸರಿಸಿತು, ಡಿಯುಪಿ ಜಾನ್ಸನ್ ಕೈಬಿಟ್ಟಿತು. ಡಿಸೆಂಬರ್ 12ರ ಚುನಾವಣೆಯಲ್ಲಿ ಕನ್ಸರ್ವೇಟಿವ್‌ಗೆ 365 ಸ್ಥಾನ ಬಂದವು. ಅವರ ಒಪ್ಪಂದದ ಮಸೂದೆ ಎರಡನೇ ವಾಚನ ದಾಟಿದ ಡಿಸೆಂಬರ್ 20ರ ಪುಟದಲ್ಲಿ 358–234 ಎಂದಿದೆ. ನಾಲ್ಕನೇ ಕಲಂ ತುಂಬಲು ಅವತ್ತು ನನಗೆ ಎರಡೇ ಸಾಲು ಸಾಕಾದವು.